ಯೂಟ್ಯೂಬ್ ಓಡುತ್ತದೆ, ಗಿಟ್ ಪುಶ್ ನಿಲ್ಲುತ್ತದೆ: ದಾವಣಗೆರೆಯ ಮನೆ ಫೈಬರಿಗೊಂದು ದೋಷ ನಿವಾರಣೆ ಕೈಪಿಡಿ

ವಾಟ್ಸಾಪ್ ಬರುತ್ತಿರುತ್ತದೆ. ಯೂಟ್ಯೂಬ್ ತಡೆಯಿಲ್ಲದೆ ಓಡುತ್ತದೆ. ಮೊಬೈಲಿನ ಸ್ಪೀಡ್ ಟೆಸ್ಟ್ ಆ್ಯಪ್ ಒತ್ತಿದರೆ ಪ್ಲಾನಿನಲ್ಲಿ ಹೇಳಿದಷ್ಟೂ ಡೌನ್‌ಲೋಡ್ ತೋರಿಸುತ್ತದೆ. ಆದರೆ ಲ್ಯಾಪ್‌ಟಾಪಿನಲ್ಲಿ ಬರೆದ ಕೋಡನ್ನು ಸರ್ವರಿಗೆ ಕಳಿಸಲು ಗಿಟ್ ಪುಶ್ ಕೊಟ್ಟರೆ ‘ರೈಟಿಂಗ್ ಆಬ್ಜೆಕ್ಟ್ಸ್’ ಸಾಲಿಗೆ ಬಂದು ಕರ್ಸರ್ ಮಿನುಗುತ್ತಾ ಕೂರುತ್ತದೆ. ಎರರ್ ಬರುವುದಿಲ್ಲ, ಕೆಲಸ ಮುಂದೆ ಹೋಗುವುದೂ ಇಲ್ಲ. ಕೆಲವರ ಮನೆಯಲ್ಲಿ ಪುಶ್ ಸರಿಯಿದ್ದು, ಕೋಡಿಗೆ ಬೇಕಾದ ಪ್ಯಾಕೇಜುಗಳನ್ನು ಇಳಿಸುವ ಎನ್‌ಪಿಎಂ ಇನ್‌ಸ್ಟಾಲ್ ನಿಲ್ಲುತ್ತದೆ, ಇನ್ನು ಕೆಲವರಿಗೆ ಸಾಫ್ಟ್‌ವೇರಿನ ಸಿದ್ಧ ಕಟ್ಟಾದ ಡಾಕರ್ ಇಮೇಜ್ ಅರ್ಧಕ್ಕೇ ನಿಲ್ಲುತ್ತದೆ.

ವಿದ್ಯಾನಗರ, ಎಂಸಿಸಿ ಬ್ಲಾಕು, ನಿಟುವಳ್ಳಿ ಕಡೆ ಮನೆಯಿಂದಲೇ ಬೆಂಗಳೂರಿನ ಕೆಲಸ ಮಾಡುವವರು, ಯುಬಿಡಿಟಿ ಮತ್ತು ಬಿಐಇಟಿ ಕಾಲೇಜಿನ ಹುಡುಗ ಹುಡುಗಿಯರು ನನ್ನ ಹತ್ತಿರ ತರುವ ದೂರುಗಳಲ್ಲಿ ಹೆಚ್ಚಿನವು ಇದೇ ಜಾತಿಯವು. ಎಲ್ಲರೂ ‘ನೆಟ್ ಸ್ಲೋ’ ಅನ್ನುತ್ತಾರೆ. ಅದನ್ನು ಕೇಳಿ ಯಾರೂ ಏನನ್ನೂ ರಿಪೇರಿ ಮಾಡಲು ಆಗುವುದಿಲ್ಲ. ಎಷ್ಟು ದೊಡ್ಡ ಪ್ಯಾಕೆಟ್ (ನೆಟ್ಟಿನಲ್ಲಿ ಹೋಗುವ ಮಾಹಿತಿಯ ತುಂಡು) ನಿಲ್ಲುತ್ತಿದೆ, ಯಾವ ದಿಕ್ಕಿಗೆ ಹೋಗುವಾಗ ನಿಲ್ಲುತ್ತಿದೆ, ನೆಟ್ಟಿನ ಎರಡು ವಿಳಾಸ ಪದ್ಧತಿಗಳಾದ ಐಪಿವಿ4ರಲ್ಲೋ ಐಪಿವಿ6ರಲ್ಲೋ? ಈ ಮೂರಕ್ಕೆ ಉತ್ತರ ಸಿಕ್ಕರೆ ರಿಪೇರಿ ಮಾಡುವವನಿಗೆ ಎಲ್ಲಿ ಕೈ ಹಾಕಬೇಕು ಅನ್ನುವುದು ಗೊತ್ತಾಗುತ್ತದೆ. ಇಡೀ ಬರಹ ಆ ಮೂರು ಪ್ರಶ್ನೆಗಾಗಿ.

ಮೊದಲು ನಿಮ್ಮದಲ್ಲದ ದೋಷವನ್ನು ಪಕ್ಕಕ್ಕಿಡಿ

2025ರ ನವೆಂಬರ್ 18ರ ಸಂಜೆ 5ರ ಸುಮಾರಿಗೆ, ಎಷ್ಟೋ ಸೈಟುಗಳ ಮುಂದೆ ನಿಂತು ಅವನ್ನು ನಮಗೆ ತಲುಪಿಸುವ ಕ್ಲೌಡ್‌ಫ್ಲೇರ್ ಬಿದ್ದಾಗ ಎಷ್ಟೋ ಜನ ತಮ್ಮ ಮನೆಯ ರೂಟರನ್ನು ಆಫ್ ಮಾಡಿ ಆನ್ ಮಾಡಿದರು. ಅವತ್ತು ತಪ್ಪಿದ್ದದ್ದು ಕ್ಲೌಡ್‌ಫ್ಲೇರಿನ ಒಳಗೆ. ಬಾಟ್‌ಗಳನ್ನು ಗುರುತಿಸುವ ವ್ಯವಸ್ಥೆಯ ಒಂದು ಫೈಲ್ ಇದ್ದಕ್ಕಿದ್ದಂತೆ ದುಪ್ಪಟ್ಟು ಗಾತ್ರಕ್ಕೆ ಬೆಳೆದು, ಅದನ್ನು ಓದುವ ಪ್ರಾಕ್ಸಿಯೇ ಕೆಡುತ್ತಿತ್ತು. ಅದಕ್ಕೂ ಮೊದಲು ಅಕ್ಟೋಬರ್ 20ರಂದು, ಸರ್ವರುಗಳನ್ನು ಬಾಡಿಗೆಗೆ ಕೊಡುವ ಅಮೆಜಾನ್ ವೆಬ್ ಸರ್ವಿಸಸ್‌ನ ವರ್ಜೀನಿಯಾ ವಿಭಾಗದಲ್ಲಿ, ಹೆಸರಿಗೆ ವಿಳಾಸ ಹುಡುಕಿಕೊಡುವ ಡಿಎನ್‌ಎಸ್ ದಾಖಲೆ ತಪ್ಪಿ ನೂರಾರು ಸೇವೆಗಳು ನಿಂತವು. ಇಂಥ ದಿನ ಗುರುತಿಸಲು ಒಂದು ಸುಲಭದ ಗುರುತಿದೆ. 500, 502, 503 ಅಂತ ನಂಬರ್ ಇರುವ ಎರರ್ ಪುಟ ನಿಮ್ಮ ಪರದೆ ಮೇಲೆ ಬಂತು ಅಂದರೆ ಆ ಪುಟ ನಿಮ್ಮ ಫೈಬರಿನಲ್ಲೇ ಬಂದಿದೆ. ನಿಮ್ಮ ಲೈನು ಸರಿ ಇದೆ ಅನ್ನುವುದಕ್ಕೆ ಅದೇ ಸಾಕ್ಷಿ. ಆ ಸೇವೆಯ ಸ್ಟೇಟಸ್ ಪುಟ ನೋಡಿ ಬೇರೆ ಕೆಲಸ ಮಾಡಿ.

ಎರಡನೆಯದು ಮೊಬೈಲ್ ಹಾಟ್‌ಸ್ಪಾಟ್. ಅದೇ ಲ್ಯಾಪ್‌ಟಾಪು, ಅದೇ ರೆಪೊ (ಕೋಡಿನ ಸಂಗ್ರಹ), ಅದೇ ಕಮಾಂಡು. ಹಾಟ್‌ಸ್ಪಾಟಿನಲ್ಲಿ ಪುಶ್ ಆಯಿತೆಂದರೆ ಲ್ಯಾಪ್‌ಟಾಪಿನ ಕೀಲಿ, ಪಾಸ್‌ವರ್ಡು, ಆ ಕಡೆಯ ಸರ್ವರು ಮೂರೂ ಒಂದೇ ಏಟಿಗೆ ಸಂಶಯದಿಂದ ಹೊರಬಂದವು. ಇದಕ್ಕಿಂತ ಅಗ್ಗದ ಪರೀಕ್ಷೆ ಇಲ್ಲ. ಆದರೂ ಜನ ಇದನ್ನು ಬಿಟ್ಟು ಗಿಟ್ ಅನ್ನು ಅನ್‌ಇನ್‌ಸ್ಟಾಲ್ ಮಾಡುವುದರಿಂದ ಶುರು ಮಾಡುತ್ತಾರೆ.

ಡಬ್ಬದ ದೀಪಗಳು

ಗೋಡೆಯ ಮೇಲಿನ ಫೈಬರ್ ಡಬ್ಬದಲ್ಲಿ ಎಲ್‌ಒಎಸ್ ಅನ್ನುವ ದೀಪ ಕೆಂಪಗಿದ್ದರೆ ಬೆಳಕೇ ಬರುತ್ತಿಲ್ಲ ಅಂತ ಅರ್ಥ. ಹೆಚ್ಚಾಗಿ ಎಲ್ಲೋ ಕೇಬಲ್ ತುಂಡಾಗಿರುತ್ತದೆ. ಆಪರೇಟರ್ ಯಂತ್ರದ ಜೊತೆ ಜೋಡಣೆ ಆಗಿದೆ ಅಂತ ತೋರಿಸುವ ಪಾನ್ ದೀಪ ಹಸಿರಾಗಿ ಸ್ಥಿರವಾಗಿದ್ದೂ ಇಂಟರ್‌ನೆಟ್ ಇಲ್ಲ ಅಂದರೆ ಬೀದಿಯ ಫೈಬರ್ ಚೆನ್ನಾಗಿದೆ, ತೊಂದರೆ ಆಪರೇಟರ್ ಕಡೆ ಅಥವಾ ನಿಮ್ಮ ಲಾಗಿನ್‌ನಲ್ಲಿದೆ. ಕರೆಂಟ್ ಹೋದಾಗ ಇದು ಗೊತ್ತಿರಬೇಕು. ಬೀದಿ ಕಂಬದ ಮೇಲಿನ ಸ್ಪ್ಲಿಟರ್‌ಗೆ ವಿದ್ಯುತ್ ಬೇಕಿಲ್ಲ, ಅದು ಬೆಳಕನ್ನು ಹಂಚುವ ಗಾಜಿನ ವಸ್ತು ಅಷ್ಟೇ. ಕರೆಂಟ್ ಬೇಕಿರುವುದು ನಿಮ್ಮ ಡಬ್ಬಕ್ಕೆ ಮತ್ತು ಆಪರೇಟರ್ ಕೋಣೆಯ ಯಂತ್ರಕ್ಕೆ. ನಿಮ್ಮ ಮನೆಯ ಯುಪಿಎಸ್ ಓಡುತ್ತಿದ್ದು, ಅರ್ಧ ಗಂಟೆ ಚೆನ್ನಾಗಿದ್ದ ನೆಟ್ ಆಮೇಲೆ ಸತ್ತರೆ ಅವರ ಬ್ಯಾಟರಿ ಖಾಲಿಯಾಗಿರುವ ಸಂಭವವೇ ಹೆಚ್ಚು.

ಡಬ್ಬದ ಅಡ್ಮಿನ್ ಪುಟದಲ್ಲಿ ‘ಆರ್‌ಎಕ್ಸ್ ಪವರ್’ ಅಂತ, ಡಬ್ಬಕ್ಕೆ ಬರುತ್ತಿರುವ ಬೆಳಕಿನ ಬಲ ಹೇಳುವ ಒಂದು ಅಂಕಿ ಇರುತ್ತದೆ. ಮೈನಸ್ 27 ಡಿಬಿಎಂ ಅನ್ನುವುದು ಸಾಮಾನ್ಯ ಜಿಪಾನ್ (ಮನೆ ಫೈಬರಿನ ಪದ್ಧತಿ) ಡಬ್ಬದ ಕಡೆಯ ಮಿತಿ. ಮೈನಸ್ 20ರ ಆಸುಪಾಸಿನಲ್ಲಿದ್ದರೆ ನೆಮ್ಮದಿ. ಮೂರು ಡಿಬಿ ಇಳಿಯಿತೆಂದರೆ ಬೆಳಕು ಅರ್ಧಕ್ಕೆ ಇಳಿದ ಹಾಗೆ. ಕಿಟಕಿ ಸಂದಿಯಲ್ಲಿ ಮಡಚಿ ತಂದ ಕೇಬಲ್ಲು ಇದಕ್ಕೆ ಮೊದಲ ಕಾರಣ. ಬಾಗಿದ ಕಡೆ ಉದ್ದ ತರಂಗದ ಬೆಳಕು ಹೆಚ್ಚು ಸೋರುತ್ತದೆ. ನಿಮ್ಮ ಕಡೆ ಬರುವ ಬೆಳಕು 1490 ನ್ಯಾನೋಮೀಟರ್, ನಿಮ್ಮಿಂದ ಹೋಗುವುದು 1310. ಹಾಗಾಗಿ ಮಡಿಕೆಯಿಂದ ಡೌನ್‌ಲೋಡಿಗೇ ಹೆಚ್ಚು ಪೆಟ್ಟು.

ಕಾಣೆಯಾಗುವ ದೊಡ್ಡ ಪ್ಯಾಕೆಟ್

ಇಲ್ಲಿಗೆ ಬಂದಿದ್ದೀರಿ ಅಂದರೆ ದೀಪ ಸರಿ, ಸರ್ವರ್ ಸರಿ, ಹಾಟ್‌ಸ್ಪಾಟಿನಲ್ಲಿ ಕೆಲಸ ಆಗುತ್ತದೆ, ಮನೆ ಫೈಬರಿನಲ್ಲಿ ಮಾತ್ರ ನಿಲ್ಲುತ್ತದೆ. ನಾನು ಮೊದಲು ಸಂಶಯ ಪಡುವುದು ಎಂಟಿಯು ಮೇಲೆ, ಅಂದರೆ ಒಂದು ಪ್ಯಾಕೆಟ್ ಎಷ್ಟು ದೊಡ್ಡದಿರಬಹುದು ಅನ್ನುವ ಮಿತಿಯ ಮೇಲೆ.

ಈಥರ್‌ನೆಟ್ಟಿನಲ್ಲಿ ಆ ಮಿತಿ 1500 ಬೈಟ್. ನಮ್ಮ ಊರಿನ ಎಷ್ಟೋ ಫೈಬರ್ ಸಂಪರ್ಕಗಳು ಯೂಸರ್‌ನೇಮ್, ಪಾಸ್‌ವರ್ಡ್ ಕೇಳುವ ಪಿಪಿಪಿಒಇ ಮೇಲೆ ನಡೆಯುತ್ತವೆ. 1999ರಲ್ಲಿ ಬಂದ ಈ ಪದ್ಧತಿ ಪ್ರತಿ ಪ್ಯಾಕೆಟ್ಟಿಗೂ 8 ಬೈಟಿನ ತಲೆಪಟ್ಟಿ ಸೇರಿಸುತ್ತದೆ. ಉಳಿಯುವುದು 1492. ನಿಮ್ಮ ಲ್ಯಾಪ್‌ಟಾಪಿಗೆ ಇದು ಗೊತ್ತಿಲ್ಲ, ಅದು 1500ರದ್ದನ್ನೇ ಕಳಿಸುತ್ತದೆ. ಆಗ ರೂಟರ್ ‘ಇದು ದೊಡ್ಡದಾಯಿತು, 1492ಕ್ಕೆ ಇಳಿಸು’ ಅಂತ ಐಸಿಎಂಪಿ ಅನ್ನುವ ಸೂಚನಾ ಸಂದೇಶ ವಾಪಸ್ ಕಳಿಸಬೇಕು. 1990ರಿಂದ ಇರುವ ನಿಯಮ ಇದು. ಆ ಸಂದೇಶ ಬಂದರೆ ಲ್ಯಾಪ್‌ಟಾಪು ತಾನೇ ಹೊಂದಿಕೊಳ್ಳುತ್ತದೆ, ನಿಮಗೆ ಏನೂ ಗೊತ್ತಾಗುವುದಿಲ್ಲ. ಸಂದೇಶ ಬಾರದೆ ಪ್ಯಾಕೆಟ್ ಸದ್ದಿಲ್ಲದೆ ಬಿದ್ದುಹೋದರೆ ಲ್ಯಾಪ್‌ಟಾಪು ಅದೇ ದೊಡ್ಡ ಪ್ಯಾಕೆಟ್ಟನ್ನು ಮತ್ತೆ ಮತ್ತೆ ಕಳಿಸುತ್ತಾ ಕೂರುತ್ತದೆ. ಎತ್ತರದ ಬೋರ್ಡೇ ಹಾಕದ ರೈಲ್ವೆ ಅಂಡರ್‌ಬ್ರಿಡ್ಜಿನ ಕೆಳಗೆ ಬೈಕು, ಆಟೊ ಹೋಗುತ್ತಲೇ ಇರುತ್ತವೆ, ಲೋಡು ತುಂಬಿದ ಲಾರಿ ಮಾತ್ರ ಸಿಕ್ಕಿಕೊಳ್ಳುತ್ತದೆ.

ವಾಟ್ಸಾಪ್ ಸಂದೇಶ ಚಿಕ್ಕದು, ಹೋಗುತ್ತದೆ. ವಿಡಿಯೊ ನೋಡುವಾಗ ನಿಮ್ಮಿಂದ ಮೇಲಕ್ಕೆ ಹೋಗುವುದು ‘ಮುಂದಿನ ತುಂಡು ಕೊಡು’ ಅನ್ನುವ ಪುಟ್ಟ ಕೋರಿಕೆ ಮಾತ್ರ. ಅದೂ ಅಲ್ಲದೆ ಯೂಟ್ಯೂಬ್ ಬಳಸುವ ಕ್ವಿಕ್ ಪ್ರೋಟೋಕಾಲ್ 2021ರಲ್ಲಿ ಮಾನಕವಾಗುವಾಗಲೇ ಈ ರೋಗವನ್ನು ಗಮನದಲ್ಲಿ ಇಟ್ಟುಕೊಂಡಿತ್ತು. 1200 ಬೈಟಿನಿಂದ ಶುರು ಮಾಡಿ, ದಾರಿ ಇದೆಯೋ ಇಲ್ಲವೋ ನೋಡಿಕೊಂಡೇ ದೊಡ್ಡದು ಮಾಡುತ್ತದೆ. ಗಿಟ್ ಪುಶ್ ಹಾಗಲ್ಲ. ಅದು ಟಿಸಿಪಿ ಅನ್ನುವ ಹಳೆಯ ಸಾಗಣೆ ಪದ್ಧತಿಯ ಮೇಲೆ ನಡೆಯುತ್ತದೆ, ಮೇಲ್ಮುಖವಾಗಿ ತುಂಬು ಗಾತ್ರದ ಪ್ಯಾಕೆಟ್‌ಗಳನ್ನೇ ಕಳಿಸುತ್ತದೆ.

ಪರೀಕ್ಷೆ ಫೋನಿನಲ್ಲೇ ಹೇಳಿಕೊಡುವಷ್ಟು ಸುಲಭ. ಒಂದು ವಿಳಾಸಕ್ಕೆ ಪ್ಯಾಕೆಟ್ ಕಳಿಸಿ ಉತ್ತರಕ್ಕೆ ಕಾಯುವ ಪಿಂಗ್ ಕಮಾಂಡ್ ಸಾಕು. ವಿಂಡೋಸ್‌ನಲ್ಲಿ ಕಮಾಂಡ್ ಪ್ರಾಂಪ್ಟ್ ತೆಗೆದು ಪಿಂಗ್, ಮೈನಸ್ ಎಫ್, ಮೈನಸ್ ಎಲ್, 1472, ಆಮೇಲೆ 1.1.1.1 (ಕ್ಲೌಡ್‌ಫ್ಲೇರಿನ ಸಾರ್ವಜನಿಕ ಡಿಎನ್‌ಎಸ್ ವಿಳಾಸ). ಎಫ್ ಅಂದರೆ ಒಡೆಯಬೇಡ, ಎಲ್ ಅಂದರೆ ಗಾತ್ರ. ಲಿನಕ್ಸಿನಲ್ಲಿ ಮೈನಸ್ ದೊಡ್ಡಕ್ಷರದ ಎಂ, ಡು (do), ಮೈನಸ್ ಎಸ್, ಗಾತ್ರ. ಮ್ಯಾಕ್‌ನಲ್ಲಿ ಮೈನಸ್ ದೊಡ್ಡಕ್ಷರದ ಡಿ, ಮೈನಸ್ ಎಸ್, ಗಾತ್ರ. 1472ಕ್ಕೆ ಐಪಿಯ 20, ಐಸಿಎಂಪಿಯ 8 ಸೇರಿ ಸರಿಯಾಗಿ 1500.

ಉತ್ತರ ಓದುವುದೇ ಇಲ್ಲಿ ಮುಖ್ಯ. ‘192.168.1.1’ ಅಂತ ನಿಮ್ಮ ರೂಟರಿನ ವಿಳಾಸದಿಂದ ‘ಪ್ಯಾಕೆಟ್ ನೀಡ್ಸ್ ಟು ಬಿ ಫ್ರಾಗ್ಮೆಂಟೆಡ್’ ಅಂತ ಬಂದರೆ ಗಾಬರಿಯಾಗಬೇಡಿ. ಅದು ಆರೋಗ್ಯದ ಲಕ್ಷಣ. ರೂಟರ್ ಬಾಯಿಬಿಟ್ಟು ಹೇಳುತ್ತಿದೆ. 1464ಕ್ಕೆ ಇಳಿಸಿ ನೋಡಿ, ಸಲೀಸಾಗಿ ಹೋಗುತ್ತದೆ. ‘ರಿಕ್ವೆಸ್ಟ್ ಟೈಮ್ಡ್ ಔಟ್’ ಅಂತ ಬಂದು, ಅದೇ ವಿಳಾಸಕ್ಕೆ ಸಾದಾ ಪಿಂಗ್ ಮಾತ್ರ ಹೋಗುತ್ತಿದ್ದರೆ ರೋಗ ಸಿಕ್ಕಿತು. 1464, 1400, 1300 ಅಂತ ಇಳಿಸುತ್ತಾ ಹೋಗಿ. ಉತ್ತರ ಬರುವ ಅತಿ ದೊಡ್ಡ ಸಂಖ್ಯೆಗೆ 28 ಕೂಡಿಸಿದರೆ ನಿಮ್ಮ ದಾರಿಯ ನಿಜವಾದ ಎಂಟಿಯು. ಈ ಪರೀಕ್ಷೆಯಲ್ಲಿ ಹೋದಷ್ಟೇ ಗಾತ್ರ ವಾಪಸ್ಸೂ ಬರುವುದರಿಂದ ದಿಕ್ಕು ತಿಳಿಯುವುದಿಲ್ಲ. ದಿಕ್ಕಿಗೆ ಸ್ಪೀಡ್ ಟೆಸ್ಟಿನ ಅಪ್‌ಲೋಡ್ ಅಂಕಿ ನೋಡಿ. ಅದನ್ನು ಲ್ಯಾಪ್‌ಟಾಪಿನಲ್ಲೇ ನೋಡಬೇಕು.

ನಿಟುವಳ್ಳಿಯ ಒಂದು ಮನೆಯಲ್ಲಿ ಕಂಡದ್ದು ಹೇಳುತ್ತೇನೆ. ಆ ಮನೆಯ ಹುಡುಗಿ ಟೆಸ್ಟಿಂಗ್ ಕೆಲಸ ಮಾಡುತ್ತಾಳೆ. ಆಪರೇಟರ್ ಕಡೆಯ ಹುಡುಗ ಬಂದು ಮೊಬೈಲ್ ಹಿಡಿದು, “ಅಣ್ಣಾ, ಸ್ಪೀಡು ಕರೆಕ್ಟಾಗೇ ಬರ್ತೈತಲ್ಲ, ಇನ್ನೇನು?” ಅಂದ. “ಡೌನ್‌ಲೋಡ್ ಬಿಡಪ್ಪ, ಕೆಳಗಿನ ಸಾಲು ನೋಡು” ಅಂದೆ. ಲ್ಯಾಪ್‌ಟಾಪಿನಲ್ಲಿ ಅಪ್‌ಲೋಡ್ ಸೂಜಿ ಒಮ್ಮೆ ಎದ್ದು ಸೊನ್ನೆಗೆ ಬಿದ್ದು ಅಲ್ಲೇ ಮಲಗಿತ್ತು. ಡಬ್ಬವನ್ನು ಬರೀ ದಾಟಿಸುವ ಬ್ರಿಡ್ಜ್ ಮೋಡಿಗೆ ಹಾಕಿ, ಮನೆಯವರು ಕೊಂಡಿದ್ದ ಬೇರೆ ರೂಟರಿನಲ್ಲಿ ಪಿಪಿಪಿಒಇ ಲಾಗಿನ್ ಕೊಟ್ಟಿದ್ದರು. ಆ ರೂಟರಿನ ವ್ಯಾನ್ (ಹೊರಗಿನ ಸಂಪರ್ಕದ) ಪುಟದಲ್ಲಿ ಎಂಟಿಯು 1500 ಅಂತ ಕೈಯಲ್ಲಿ ಬರೆದಿತ್ತು. 8 ಬೈಟ್ ಸೇರಿ 1508 ಆದ ಫ್ರೇಮನ್ನು ಫೈಬರ್ ಡಬ್ಬ ಸದ್ದಿಲ್ಲದೆ ಎಸೆಯುತ್ತಿತ್ತು. ರೂಟರಿಗೂ ಅದು ಗೊತ್ತಿರಲಿಲ್ಲ, ಹಾಗಾಗಿ ಹೇಳುವವರೇ ಇರಲಿಲ್ಲ. 1492 ಅಂತ ತಿದ್ದಿ ಸೇವ್ ಮಾಡಿದ ಮೇಲೆ ನಿಂತಿದ್ದ ಪುಶ್ ಹೋಯಿತು. ಆ ಹುಡುಗ ತನ್ನ ಮೊಬೈಲಿನಲ್ಲಿ ಆ ಪುಟದ ಫೋಟೊ ತೆಗೆದುಕೊಂಡು ಹೋದ. ಅಂಥ ಹುಡುಗರೇ ನಮ್ಮ ಊರಿನ ನೆಟ್ ಕಾಯುವವರು. ಅವರಿಗೆ ಯಾರೂ ಇದನ್ನು ಕೂತು ಹೇಳಿಕೊಟ್ಟಿಲ್ಲ, ಅದೇ ನನಗೆ ಬೇಸರ.

ಎಂಟಿಯು ತಿದ್ದುವುದರ ಜೊತೆಗೆ ರೂಟರಿನಲ್ಲಿ ‘ಎಂಎಸ್‌ಎಸ್ ಕ್ಲ್ಯಾಂಪಿಂಗ್’ ಇದ್ದರೆ ಚಾಲೂ ಮಾಡಿ. ಸಂಪರ್ಕ ಶುರುವಾಗುವಾಗಲೇ ಎರಡೂ ಕಡೆಯವರಿಗೆ ಚಿಕ್ಕ ಗಾತ್ರ ಒಪ್ಪಿಸುವ ಕೆಲಸ ಅದರದು. ಪಿಪಿಪಿಒಇ ಮೇಲೆ ಐಪಿವಿ4ಕ್ಕೆ 1452, ಐಪಿವಿ6ಕ್ಕೆ 1432. ಭದ್ರತೆ ಹೆಸರಲ್ಲಿ ಐಸಿಎಂಪಿಯನ್ನು ಪೂರ್ತಿ ಬಂದ್ ಮಾಡಿದ ಫೈರ್‌ವಾಲ್ ಇದ್ದರೆ ಅದನ್ನು ತೆಗೆಯಿರಿ. ಕಾಲೇಜುಗಳ ಲ್ಯಾಬಿನಲ್ಲಿ ಇದು ಬಹಳ. ಪಿಂಗ್ ಒಂದನ್ನು ತಡೆಯುವುದು ಬೇರೆ, ‘ದೊಡ್ಡದಾಯಿತು’ ಅನ್ನುವ ಸಂದೇಶವನ್ನೂ ತಡೆಯುವುದು ಬೇರೆ. ಎರಡನೆಯದರಿಂದ ಯಾವ ಭದ್ರತೆಯೂ ಸಿಗುವುದಿಲ್ಲ, ನೆಟ್ ಕುಂಟುತ್ತದೆ ಅಷ್ಟೇ.

‘ನಿನ್ನೆವರೆಗೂ ಚೆನ್ನಾಗಿತ್ತು’

ಈ ಮಾತನ್ನು ನಾನು ನಂಬುತ್ತೇನೆ. ಲೈನಿನಲ್ಲಿ ಏನೂ ಬದಲಾಗದೆ, ಸಾಫ್ಟ್‌ವೇರ್ ಅಪ್‌ಡೇಟ್ ಆದ ಮಾತ್ರಕ್ಕೆ ಹಳೆಯ ದೋಷ ಹೊರಬೀಳಬಹುದು. ಗುಪ್ತ ಸಂಪರ್ಕ ಶುರು ಮಾಡಲು, ಕ್ವಾಂಟಮ್ ಕಂಪ್ಯೂಟರಿಗೂ ಒಡೆಯಲಾಗದ ಕೀಲಿ ವಿನಿಮಯ ಈಗ ಎಲ್ಲೆಡೆ ಬರುತ್ತಿದೆ. ದೂರದ ಯಂತ್ರಕ್ಕೆ ಗುಪ್ತವಾಗಿ ಲಾಗಿನ್ ಮಾಡಿಸುವ ಓಪನ್ ಎಸ್‌ಎಸ್‌ಎಚ್ 9.0 ಇಂಥದ್ದನ್ನು 2022ರಲ್ಲೇ ಡೀಫಾಲ್ಟ್ ಮಾಡಿತು, ಕ್ರೋಮ್ 2024ರಲ್ಲಿ, ಗುಪ್ತ ಸಂಪರ್ಕದ ಲೈಬ್ರರಿಯಾದ ಓಪನ್ ಎಸ್‌ಎಸ್‌ಎಲ್ 3.5 2025ರಲ್ಲಿ. ಹಳೆಯ ಕೀಲಿ 32 ಬೈಟ್. ಈಗ ಅದರ ಜೊತೆ ಹೊಸ ಪದ್ಧತಿಯಾದ ಎಂಎಲ್-ಕೆಇಎಂ 768ರ 1184 ಬೈಟ್ ಬೇರೆ. ಮೊದಲ ಮಾತಾದ ‘ಕ್ಲೈಂಟ್ ಹಲೋ’ ಒಂದು ಪ್ಯಾಕೆಟ್ಟಿನಲ್ಲಿ ಹಿಡಿಸದೆ, ಮೊದಲ ತುಂಡೇ ತುಂಬು ಗಾತ್ರದ್ದಾಗುತ್ತದೆ. ಅದೇ ಬಿದ್ದುಹೋದರೆ ಸಂಪರ್ಕವೇ ಇಲ್ಲ.

ವೆಬ್ ವಿಳಾಸ ತೆರೆದು ನೋಡುವ ಕರ್ಲ್ ಕಮಾಂಡಿಗೆ ಮೈನಸ್ ವಿ ಕೊಟ್ಟು ನೋಡಿ. ‘ಕನೆಕ್ಟೆಡ್’ ಅಂತ ಬಂದು ‘ಕ್ಲೈಂಟ್ ಹಲೋ’ ಸಾಲಿನ ನಂತರ ನಿಂತರೆ ಇದೇ ರೋಗ. ಎಸ್‌ಎಸ್‌ಎಚ್‌ಗೆ ಮೂರು ವಿ ಕೊಟ್ಟಾಗ ‘ಕೆಕ್ಸ್’ ಅನ್ನುವ ಅಕ್ಷರಗಳಿರುವ, ರಿಪ್ಲೈಗಾಗಿ ಕಾಯುತ್ತಿರುವ ಸಾಲಿನಲ್ಲಿ ನಿಂತರೂ ಇದೇ. ಒಂದೇ ಮನೆಯಲ್ಲಿ ಮ್ಯಾಕ್ ಓಡಿ ಉಬುಂಟು ನಿಂತರೆ ಸುಳಿವು ಇನ್ನೂ ಗಟ್ಟಿ. ದೊಡ್ಡ ಪ್ಯಾಕೆಟ್ಟನ್ನು ಸದ್ದಿಲ್ಲದೆ ನುಂಗುವ ಇಂಥ ಕಪ್ಪುಗುಂಡಿಯನ್ನು ತಾನೇ ಗುರುತಿಸಿ ಗಾತ್ರ ಇಳಿಸುವ ಅಭ್ಯಾಸ ಮ್ಯಾಕ್‌ನಲ್ಲಿ ಚಾಲೂ ಇರುತ್ತದೆ, ಲಿನಕ್ಸಿನಲ್ಲಿ ‘ಟಿಸಿಪಿ ಎಂಟಿಯು ಪ್ರೋಬಿಂಗ್’ ಅನ್ನುವ ಅದೇ ಸೌಕರ್ಯ ಮೂಲತಃ ಸೊನ್ನೆಯಲ್ಲಿರುತ್ತದೆ. ಅದನ್ನು 1 ಮಾಡಿ.

ಇಲ್ಲೇ ಒಂದು ಮಾತು. ಪುಶ್ ನಿಂತಾಗ ಗಿಟ್ ಸೆಟ್ಟಿಂಗಿನ ‘ಪೋಸ್ಟ್ ಬಫರ್ ಹೆಚ್ಚಿಸಿ’ ಅನ್ನುವ ಸಲಹೆ ಎಲ್ಲೆಲ್ಲೂ ಸಿಗುತ್ತದೆ. ಪುಶ್ ತೊಂದರೆಗಳಿಗೆ ಇದು ಸಾಮಾನ್ಯವಾಗಿ ಪರಿಹಾರ ಅಲ್ಲ ಅಂತ ಗಿಟ್‌ನ ಸ್ವಂತ ದಸ್ತಾವೇಜೇ ಹೇಳುತ್ತದೆ. ಎನ್‌ಪಿಎಂ ಕ್ಯಾಶ್ ಅಳಿಸುವ ಸಲಹೆಯೂ ಇದೇ ತರಹದ್ದು. ಇದ್ದ ಕ್ಯಾಶನ್ನೂ ಅಳಿಸಿಕೊಂಡರೆ ಮತ್ತೆ ಎಲ್ಲವನ್ನೂ ಅದೇ ಕೆಟ್ಟ ಲೈನಿನಲ್ಲಿ ಇಳಿಸಬೇಕು.

ಗಿಟ್‌ಹಬ್ ಸರಿ, ಎನ್‌ಪಿಎಂ ಮಾತ್ರ ಇಲ್ಲ ಅಂದರೆ

ಆಗ ಐಪಿವಿ6 ನೋಡಿ. ಕೋಡ್ ಇಡುವ ತಾಣವಾದ ಗಿಟ್‌ಹಬ್ ಡಾಟ್ ಕಾಮ್ ಬಹುಕಾಲದಿಂದ ಐಪಿವಿ4ರಲ್ಲೇ ನಡೆದು ಬಂದಿದೆ, ಎನ್‌ಪಿಎಂ ರಿಜಿಸ್ಟ್ರಿಗೆ ಎರಡೂ ವಿಳಾಸ ಇವೆ. ಡಿಎನ್‌ಎಸ್ ವಿಚಾರಿಸುವ ಡಿಗ್ ಕಮಾಂಡಿನಲ್ಲಿ ಎಎಎಎ, ಅಂದರೆ ಐಪಿವಿ6 ವಿಳಾಸದ ದಾಖಲೆ ಕೇಳಿದರೆ ಕಾಣುತ್ತದೆ. ಕರ್ಲ್‌ಗೆ ಮೈನಸ್ 4 ಒಮ್ಮೆ, ಮೈನಸ್ 6 ಒಮ್ಮೆ ಕೊಡಿ. 4ರಲ್ಲಿ ಬಂದು 6ರಲ್ಲಿ ನಿಂತರೆ ಬೇರೆ ಕಡೆ ಹುಡುಕುವ ಕೆಲಸ ಇಲ್ಲ.

ಕೆಟ್ಟ ಐಪಿವಿ6ನಿಂದ ಬ್ರೌಸರ್ ತಾನೇ 4ಕ್ಕೆ ಹಾರಬೇಕಲ್ಲ ಅಂತ ಕೇಳುವವರಿದ್ದಾರೆ. ಹಾರುತ್ತದೆ, ಸಂಪರ್ಕವೇ ಆಗದಿದ್ದರೆ. ಇಲ್ಲಿ ಸಂಪರ್ಕ ಆಗುತ್ತದೆ, ಏಕೆಂದರೆ ಶುರುವಿನ ಪ್ಯಾಕೆಟ್ ಚಿಕ್ಕದು. ಆಮೇಲೆ ದೊಡ್ಡದು ಬಿದ್ದಾಗ ಹಿಂದೆ ಹೋಗುವ ದಾರಿ ಮುಗಿದಿರುತ್ತದೆ. ಐಪಿವಿ6ರಲ್ಲಿ ನಡುದಾರಿಯ ರೂಟರುಗಳು ಪ್ಯಾಕೆಟ್ ಒಡೆಯುವುದೇ ಇಲ್ಲ. ಹಾಗಾಗಿ ‘ದೊಡ್ಡದಾಯಿತು’ ಸಂದೇಶ ತಪ್ಪಿದರೆ ಉಳಿಯುವ ಮಾರ್ಗವೇ ಇಲ್ಲ. ಎನ್‌ಪಿಎಂ ಯಾವುದರ ಮೇಲೆ ಓಡುತ್ತದೋ ಆ ನೋಡ್ ಜೆಎಸ್ 17ನೇ ಆವೃತ್ತಿಯಿಂದ ಡಿಎನ್‌ಎಸ್ ಕೊಟ್ಟ ಕ್ರಮದಲ್ಲೇ ವಿಳಾಸ ಬಳಸುತ್ತದೆ, 6 ಮೊದಲು ಬಂದರೆ 6ಕ್ಕೇ ಹೋಗುತ್ತದೆ. ಅವತ್ತಿನ ಕೆಲಸ ಮುಗಿಸಲು ‘ಐಪಿವಿ4 ಫಸ್ಟ್’ ಅನ್ನುವ ಡಿಎನ್‌ಎಸ್ ಕ್ರಮವನ್ನು ನೋಡ್ ಆಪ್ಷನ್‌ಗಳಲ್ಲಿ ಕೊಡಬಹುದು. ಐಪಿವಿ6ನ್ನು ಕಾಯಂ ಬಂದ್ ಮಾಡುವುದನ್ನು ನಾನು ಒಪ್ಪುವುದಿಲ್ಲ. ನಮ್ಮಂಥ ಊರುಗಳಿಗೆ ಸ್ವಂತ ವಿಳಾಸ ಸಿಗುವ ದಾರಿ ಅದೊಂದೇ.

ಅದು ಏಕೆ ಅಂದರೆ ಸಿಜಿನ್ಯಾಟ್. ರೂಟರಿನ ವ್ಯಾನ್ ವಿಳಾಸ 100.64ರಿಂದ 100.127ರ ನಡುವೆ ಇದ್ದರೆ ಒಂದು ಸಾರ್ವಜನಿಕ ಐಪಿವಿ4 ವಿಳಾಸವನ್ನು ನೀವು ಅಕ್ಕಪಕ್ಕದವರ ಜೊತೆ ಹಂಚಿಕೊಂಡಿದ್ದೀರಿ. ಪೋರ್ಟ್ ಫಾರ್ವರ್ಡ್ ಎಷ್ಟು ಮಾಡಿದರೂ, ಹೊರಗಿನ ಸೇವೆ ನಿಮ್ಮ ಯಂತ್ರಕ್ಕೆ ಕಳಿಸುವ ವೆಬ್‌ಹುಕ್ ಒಳಗೆ ಬರುವುದಿಲ್ಲ. ಅದು ದೋಷವಲ್ಲ, 2012ರಲ್ಲಿ ಇದಕ್ಕೆಂದೇ ತೆಗೆದಿಟ್ಟ ವಿಳಾಸಗಳು ಅವು. ಒಳಗಿನಿಂದ ಹೊರಕ್ಕೆ ತೆರೆಯುವ ಟನಲ್ ಬಳಸಿ.

ವಿಪಿಎನ್ ಇಟ್ಟುಕೊಂಡವರಿಗೂ ಒಂದು ಎಚ್ಚರಿಕೆ. ವೈರ್‌ಗಾರ್ಡ್ ಅನ್ನುವ ವಿಪಿಎನ್ ಸಾಮಾನ್ಯವಾಗಿ ಎಂಟಿಯು 1420 ಇಟ್ಟುಕೊಳ್ಳುತ್ತದೆ. ಹೊರಗಿನ ದಾರಿ ಐಪಿವಿ4 ಆದರೆ 60 ಸೇರಿ 1480, ಪಿಪಿಪಿಒಇಯಲ್ಲಿ ಹಿಡಿಸುತ್ತದೆ. ಹೊರಗಿನದು ಐಪಿವಿ6 ಆದರೆ 80 ಸೇರಿ 1500, ಹಿಡಿಸುವುದಿಲ್ಲ. 1412ಕ್ಕೆ ಇಳಿಸಿ. ಡಾಕರಿನ ಒಳಗೆ ಮಾತ್ರ ಇನ್‌ಸ್ಟಾಲ್ ನಿಂತು ಹೊರಗೆ ಸರಿ ಇದ್ದರೆ ಡಾಕರಿನ ಒಳ ನೆಟ್‌ವರ್ಕಾದ ಬ್ರಿಡ್ಜಿನ ಎಂಟಿಯು ಇನ್ನೂ 1500ರಲ್ಲೇ ಇದೆಯೇ ನೋಡಿ.

ಉಳಿದವು

ಡಿಎನ್‌ಎಸ್: ನಿಮ್ಮ ರೂಟರನ್ನು ಕೇಳಿ, 1.1.1.1 ಅನ್ನು ಕೇಳಿ, ಎರಡರ ಸಮಯ ಹೋಲಿಸಿ. ಹೆಸರೇ ಸಿಗದಿದ್ದರೆ ಮಾತ್ರ ಡಿಎನ್‌ಎಸ್ ಬದಲಿಸಿ. ಅರ್ಧಕ್ಕೆ ನಿಂತ ಡೌನ್‌ಲೋಡಿಗೂ ಡಿಎನ್‌ಎಸ್‌ಗೂ ಸಂಬಂಧವಿಲ್ಲ.

ಗಡಿಯಾರ: ಕರೆಂಟ್ ಹೋಗಿ ಬಂದ ಮೇಲೆ ಹಳೆಯ ಡೆಸ್ಕ್‌ಟಾಪಿನಲ್ಲಿ ಎಲ್ಲ ಸೈಟಿಗೂ ಸರ್ಟಿಫಿಕೇಟ್ ಎರರ್ ಬಂದರೆ ತಾರೀಖು ನೋಡಿ. ಮದರ್‌ಬೋರ್ಡಿನ ಸಿಆರ್ 2032 ಸೆಲ್ ಹಾಕಿಸಿ.

ದೂರ: ಬೆಳಕು ಫೈಬರಿನಲ್ಲಿ ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಹೋಗುತ್ತದೆ. ಇಲ್ಲಿಂದ ಬೆಂಗಳೂರು ಸುಮಾರು 260. ಹೋಗಿ ಬರಲು ಲೆಕ್ಕದ ಪ್ರಕಾರ ಮೂರು ಮಿಲಿಸೆಕೆಂಡೂ ಬೇಡ, ಸುತ್ತುದಾರಿಗೆ ನಾಲ್ಕೈದು ಪಟ್ಟು ಹಿಡಿದರೂ ಆಯಿತು. ಬೆಂಗಳೂರಿನ ಸರ್ವರಿಗೆ ಪಿಂಗ್ ನೂರು ಮಿಲಿಸೆಕೆಂಡ್ ದಾಟುತ್ತಿದ್ದರೆ ಟ್ರೇಸ್‌ರೂಟ್ ಹಾಕಿ, ಎಲ್ಲಿಗೆ ಹೋಗಿ ಬರುತ್ತಿದೆ ನೋಡಿ.

ಆಪರೇಟರಿಗೆ ಹೇಳುವುದು

‘ನೆಟ್ ಸ್ಲೋ’ ಬೇಡ. “1464ರ ಪಿಂಗ್ ಹೋಗ್ತಿಲ್ಲ, 1400ರದ್ದು ಹೋಗ್ತೈತೆ, ಡಬ್ಬಕ್ಕೆ ನೇರ ವೈರ್ ಹಾಕಿ ನೋಡಿದ್ದೀನಿ, ಆರ್‌ಎಕ್ಸ್ ಪವರ್ ಮೈನಸ್ 21” ಅಂತ ವಾಟ್ಸಾಪಿನಲ್ಲಿ ಬರೆದು, ಪಿಂಗ್ ಪರದೆಯ ಫೋಟೊ ಮತ್ತು ಸಮಯ ಹಾಕಿ. ಹಾಗೆ ಬರೆದ ದೂರು ಮೇಲಿನ ಎಂಜಿನಿಯರ್ ತನಕ ಹೋಗುತ್ತದೆ. ನೇರ ವೈರ್ ಅನ್ನುವುದು ಮುಖ್ಯ, ವೈಫೈ ಮೇಲೆ ಅಳೆದದ್ದನ್ನು ಅವರು ಒಪ್ಪುವುದಿಲ್ಲ, ಒಪ್ಪಬೇಕಾಗಿಯೂ ಇಲ್ಲ.

ಅವರು ಸರಿಮಾಡುವ ತನಕ ಕೆಲಸ ನಿಲ್ಲಬಾರದಲ್ಲ. ಲ್ಯಾಪ್‌ಟಾಪಿನ ಎಂಟಿಯು 1400ಕ್ಕೆ ಇಳಿಸಿ: ಲಿನಕ್ಸಿನಲ್ಲಿ ಐಪಿ ಲಿಂಕ್ ಸೆಟ್, ವಿಂಡೋಸ್‌ನಲ್ಲಿ ನೆಟ್‌ಶೆಲ್, ಮ್ಯಾಕ್‌ನಲ್ಲಿ ನೆಟ್‌ವರ್ಕ್ ಸೆಟ್ಟಿಂಗಿನ ಹಾರ್ಡ್‌ವೇರ್ ಪುಟ. ಗಾತ್ರ ಎಷ್ಟೇ ಇದ್ದರೂ ಎಸ್‌ಎಸ್‌ಎಚ್‌ನ 22ನೇ ಪೋರ್ಟ್‌ಗೇ ಸಂಪರ್ಕ ಆಗದಿದ್ದರೆ ಅದು ಬೇರೆ ತಡೆ. ಗಿಟ್‌ಹಬ್ ಎಸ್‌ಎಸ್‌ಎಚ್ ಡಾಟ್ ಗಿಟ್‌ಹಬ್ ಡಾಟ್ ಕಾಮ್ ವಿಳಾಸದ 443ರಲ್ಲೂ ಎಸ್‌ಎಸ್‌ಎಚ್ ತೆಗೆದುಕೊಳ್ಳುತ್ತದೆ, ಕಾಲೇಜು ಹಾಸ್ಟೆಲ್‌ಗಳಲ್ಲಿ ಇದೇ ದಾರಿ.

ಲೈನ್ ಸರಿಯಾಯಿತು ಅಂತ ಆಪರೇಟರ್ ಹೇಳಿದ ದಿನ ಲ್ಯಾಪ್‌ಟಾಪಿನ ಎಂಟಿಯು ಮೊದಲು 1500ಕ್ಕೆ ಏರಿಸಿ, ಆಮೇಲೆ 1472ರ ಪಿಂಗ್ ಮತ್ತೆ ಹಾಕಿ. ರೂಟರಿನಿಂದ ‘ಒಡೆಯಬೇಕು’ ಅನ್ನುವ ಉತ್ತರ ಬಂದು, 1464 ಹೋಗಿ, ಒಂದು ದೊಡ್ಡ ರೆಪೊ ಪುಶ್ ಆದ ಮೇಲೆಯೇ ದೂರು ಮುಚ್ಚಲು ಒಪ್ಪಿಗೆ ಕೊಡಿ.